ಎಡಗಡೆಯ ಸೀಟು

ಜಗಳೂರು
8-7-2025, ಮಂಗಳವಾರ

ತಮ್ಮ ತಿಮ್ಮೇಶನಿಗೆ,

ಫೋನ್ ಮಾಡುವುದು ಬಿಟ್ಟು ಅಕ್ಕ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿ ಬೀಳಬೇಡ. ಯಾರಿಗೂ ಏನೂ ಆಗಿಲ್ಲ. ಅಂದರೆ, ಹೊಸದಾಗಿ ಏನೂ ಆಗಿಲ್ಲ. ನಮ್ಮದು ಒಂದೇ ಕೋಣೆಯ ಮನೆ. ಮಾವ ಆಸ್ಪತ್ರೆಯಿಂದ ಬಂದಮೇಲೆ ಹಗಲೂ ರಾತ್ರಿ ಅಲ್ಲೇ ಮಂಚದ ಮೇಲೆ ಇರುತ್ತಾರೆ. ನಾನು ಫೋನು ಕಿವಿಗಿಟ್ಟರೆ ಸಾಕು, "ತಿಮ್ಮನಾ? ಏನಂತೆ? ಉಂಡನಂತಾ?" ಎಂದು ಶುರು ಮಾಡುತ್ತಾರೆ. ಎದ್ದು ಹೊರಗೆ ಹೋದರೆ, "ನನ್ನ ಮುಂದೆ ಆಡಬಾರದ ಮಾತು ಏನೈತೆ?" ಎನ್ನುತ್ತಾರೆ. ಅದಕ್ಕೇ ಶಾಲೆಯ ಅಡುಗೆಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಕ್ಕಳ ಬಿಸಿಯೂಟ ಮುಗಿದಿದೆ. ಏಳನೇ ಕ್ಲಾಸು ಬಿಟ್ಟಮೇಲೆ ನಾನು ಸಾಮಾನಿನ ಪಟ್ಟಿ ಬಿಟ್ಟು ಬೇರೇನೂ ಬರೆದವಳಲ್ಲ. ಹಿಂದುಮುಂದಾಗಿದ್ದರೆ ಹೊಂದಿಸಿಕೊಂಡು ಓದು. ಓದುವಾಗ ಪಕ್ಕದಲ್ಲಿ ಯಾರೂ ಇರದ ಹಾಗೆ ನೋಡಿಕೋ.

ಶನಿವಾರ ಚನ್ನಗಿರಿಗೆ ಹೋಗಿದ್ದೆ, ವಕೀಲರನ್ನು ಹಿಡಿಯಲಿಕ್ಕೆ. ಮಾವನಿಗೆ ಸೊಂಟದ್ದು ಇನ್ನೊಂದು ಆಪರೇಷನ್ ಆಗಬೇಕಂತೆ. ಆಗದಿದ್ದರೆ ಕುಕ್ಕರಗಾಲಲ್ಲಿ ಕೂರಲಿಕ್ಕೇ ಆಗುವುದಿಲ್ಲವಂತೆ. ಟೈಲ್ಸ್ ಹಾಕುವ ಮನುಷ್ಯ ಕುಕ್ಕರಗಾಲಲ್ಲಿ ಕೂರದೆ ಏನು ಕೆಲಸ ಮಾಡುತ್ತಾನೆ ಹೇಳು. ಆಸ್ಪತ್ರೆಯಲ್ಲಿ ಬೆಡ್ಡಿನಿಂದ ಬೆಡ್ಡಿಗೆ ಚೀಟಿ ಹಂಚಿಕೊಂಡು ಬರುತ್ತಿದ್ದನಲ್ಲ ಹಾಲಸ್ವಾಮಿ, "ಅಕ್ಕಾ, ಆಕ್ಸಿಡೆಂಟ್ ಕೇಸು ನಮ್ಮ ವಕೀಲ್ರಿಗೇ ಕೊಡ್ರಿ, ಗೆದ್ದಮೇಲೆ ಫೀಸು" ಎಂದು. ಅವನ ಚೀಟಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ವಕೀಲರ ಹೆಸರು ಶಿವಮೂರ್ತಪ್ಪ. ಕೆಳಗೆ ಅವರ ಅಣ್ಣಂದಿರ ಅಡಿಕೆ ಮಂಡಿ, ಮೇಲೆ ಇವರ ಆಫೀಸು. ಮೆಟ್ಟಿಲು ಹತ್ತುವಾಗ ಎರಡು ಸಾರಿ ನಿಂತೆ. ಮಗಳು ಗಂಗೋತ್ರಿಗೆ ಅಪ್ಪನ ಮಾತ್ರೆ ತೋರಿಸಿಕೊಟ್ಟು ಬಂದೆನೋ ಇಲ್ಲವೋ ಎಂದು ಬೇರೆ ಅನುಮಾನ.

ಎಲ್ಲ ಹೇಳಿದೆ. ಏಪ್ರಿಲ್ ಇಪ್ಪತ್ತು, ಭಾನುವಾರ, ನಲ್ಲೂರಿನಲ್ಲಿ ತಮ್ಮನಿಗೆ ಹೆಣ್ಣು ನೋಡಿಕೊಂಡು, ನಮ್ಮ ಕೇರಿಯ ಪಾಲಣ್ಣನ ಕಾರಿನಲ್ಲಿ ವಾಪಸು ಬರುತ್ತಿದ್ದೆವು. ತ್ಯಾವಣಿಗೆ ಸಿಗುವ ಮೊದಲೇ ಕಾರು ಚಾನಲ್ ಸೇತುವೆಯ ಕಟ್ಟೆಗೆ ಹೊಡೆಯಿತು. ಅವ್ವ ಹೋದಳು. ಮನೆಯವರ ಸೊಂಟ ಮತ್ತು ಕಾಲು ಮುರಿದವು, ತಲೆಗೆ ಏಟು ಬಿತ್ತು. ನನಗೂ ತಮ್ಮನಿಗೂ ಅಷ್ಟೇನೂ ಆಗಲಿಲ್ಲ.

"ಯಜಮಾನ್ರು ನಿಮ್ಮ ತಾಯಿಗೆ ಸಂಬಂಧನಾ?" ಎಂದರು ವಕೀಲರು, ನಾನು ಬಾಯಿ ತಪ್ಪಿ ಮಾವ ಎಂದದ್ದಕ್ಕೆ.

"ಸ್ವಂತ ತಮ್ಮ ರೀ. ನಮ್ಮವ್ವ ತನ್ನ ಕೊನೇ ತಮ್ಮಗೇ ನನ್ನ ಕೊಟ್ಟಿದ್ದು."

"ಗಾಡಿ ಓಡಿಸ್ತಿದ್ದೋರು?"

ಆಸ್ಪತ್ರೆಯಲ್ಲಿ ಪೊಲೀಸರಿಗೆ ಹೇಳಿದ್ದನ್ನೇ ಹೇಳಿದೆ. "ನಮ್ಮ ಯಜಮಾನ್ರೇ ರೀ."

ಅವರು ಪೆನ್ನು ಕೆಳಗಿಟ್ಟರು. "ಹಂಗಾದ್ರೆ ಪರಿಹಾರ ಯಾರ ಹತ್ರ ಕೇಳಾಣಮ್ಮ? ತಾನೇ ಓಡಿಸಿ ತಾನೇ ಗುದ್ದಿಕೊಂಡೋನಿಗೆ ವಿಮೆ ಕಂಪನಿ ಯಾಕೆ ಕೊಡ್ತದೆ? ನಿಮ್ಮ ತಾಯಿ ತೀರಿಕೊಂಡಿದ್ದಕ್ಕೆ ಬೇಕಾದ್ರೆ ಕೇಸು ಹಾಕಬೌದು. ಆದ್ರೆ ಅದರಾಗೆ ಮೊದಲನೇ ಎದುರುದಾರ ನಿಮ್ಮ ಯಜಮಾನ್ರೇ ಆಗ್ತಾರೆ."

ಅವರು ಆಸ್ಪತ್ರೆಯ ಕಾಗದಗಳನ್ನು ಒಂದೊಂದೇ ತಿರುಗಿಸಿದರು. ಒಂದು ಕಡೆ ಬೆರಳಿಟ್ಟು ನಿಂತರು. "ಎಡ ಸೊಂಟ, ಎಡ ತೊಡೆ, ಎಡ ಮೊಣಕಾಲು, ಎಡಗಡೆ ಪಕ್ಕೆಲುಬು. ನೋಡಮ್ಮ, ನಾನು ಇಪ್ಪತ್ತೆಂಟು ವರ್ಷದಿಂದ ಮುರಿದ ಮೂಳೆ ಓದ್ತಾ ಇದೀನಿ. ನಮ್ಮ ದೇಶದಾಗೆ ಡ್ರೈವರ್ ಕೂರಾದು ಬಲಗಡೆ. ಬಲಗಡೆ ಯಾರು ಕೂತಿದ್ರು?"

ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ. ಎದ್ದ ಗಡಿಬಿಡಿಯಲ್ಲಿ ಊಟದ ಬುತ್ತಿ ಅಲ್ಲೇ ಬಿಟ್ಟೆ. ಅವರ ಗುಮಾಸ್ತ ಮೆಟ್ಟಿಲವರೆಗೆ ಬಂದು ಕೊಟ್ಟು, "ಮುಂದಿನ ಸಾರಿ ಬುತ್ತಿ ಮರೆತ್ರೂ ಪರವಾಗಿಲ್ಲ, ನಿಜ ತಗಂಡು ಬರ್ರಿ" ಎಂದ. ಆ ಮಾತಿಗೆ ಮಂಡಿಯ ಹಮಾಲರೂ ನಕ್ಕರು.

ಬಲಗಡೆ ಕೂತಿದ್ದವನು ನೀನು. ಇದನ್ನು ಬರೆಯಬಾರದು ಎಂದುಕೊಂಡೇ ಕೂತಿದ್ದೆ, ಬರೆದುಬಿಟ್ಟೆ. ಈಗ ಏನು ಮಾಡಲಿ? ವಕೀಲರ ಹತ್ತಿರ ಮತ್ತೆ ಹೋಗಲೋ ಬೇಡವೋ? ನೀನು ಹೇಳಿದ ಹಾಗೆ ಮಾಡುತ್ತೇನೆ. ಬಸ್ಸು ನಿಧಾನ ಓಡಿಸು.

ಉತ್ತರದ ದಾರಿ ನೋಡುತ್ತಿರುವ,
ಅಕ್ಕ ನಾಗರತ್ನ


ಹೊನ್ನಾಳಿ
19-7-2025

ಅಕ್ಕ,

ನಿನ್ನ ಕಾಗದ ಡಿಪೋದ ವಿಶ್ರಾಂತಿ ಕೋಣೆಗೆ ಬಂತು. ಮೂವರ ಕೈ ದಾಟಿ ಬಂತು. ಓದಿ ಹರಿದುಹಾಕಿದೆ. ಇದನ್ನೂ ನೀನು ಓದಿ ಒಲೆಗೆ ಹಾಕು. ಇನ್ನು ಮುಂದೆ ನನ್ನ ರೂಮಿನ ವಿಳಾಸಕ್ಕೇ ಬರೆ.

ನಾನು ಇನ್ನೂ ಕಾಯಂ ಆಗಿಲ್ಲ. ಎರಡು ವರ್ಷ ನೋಡುತ್ತಾರೆ. ಒಬ್ಬ ಸರ್ಕಾರಿ ಬಸ್ ಡ್ರೈವರ್ ಮೇಲೆ ಸಾವಿನ ಕೇಸು ಬಿದ್ದರೆ ಏನಾಗುತ್ತದೆಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಕೆಲಸಕ್ಕೆ ಅವ್ವ ಎಷ್ಟು ಹರಕೆ ಹೊತ್ತಿದ್ದಳು, ನಿನಗೇ ಗೊತ್ತು.

ಇನ್ನೊಂದು ಮಾತು. ಪೊಲೀಸರಿಗೆ ಹಾಗೆ ಹೇಳಿದವಳು ನೀನು. ನಾನು ಹೇಳು ಎಂದಿರಲಿಲ್ಲ. ನಾನು ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಬರುವಷ್ಟರಲ್ಲಿ ಅವರು ಬರೆದುಕೊಂಡು ಆಗಿತ್ತು.

ಆಪರೇಷನ್ನಿಗೆ ತಿಂಗಳಾ ದುಡ್ಡು ಕಳಿಸುತ್ತೇನೆ. ವಕೀಲರು ಬೇಡ.

ನನ್ನ ರೂಟು ಸಾಸ್ವೆಹಳ್ಳಿ ಕಡೆ, ಒಂದೊಂದು ದಿನ ನ್ಯಾಮತಿಗೂ ಹಾಕುತ್ತಾರೆ. ನಾನು ಎಷ್ಟು ನಿಧಾನ ಓಡಿಸುತ್ತೇನೆಂದರೆ ಜನ ನಗುತ್ತಾರೆ. ನಿನ್ನೆ ಒಬ್ಬ ಮುದುಕ, "ಡ್ರೈವರಣ್ಣ, ನಾನು ಇಳಿದು ಮುಂದೆ ನಡೀತಿರ್ತೀನಿ, ನೀನು ಬಂದು ಸೇರಿಕ" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಮಾವನಿಗೆ ಕೇಳಿದೆ ಎಂದು ಹೇಳು.

ತಿಮ್ಮೇಶ್


ಜಗಳೂರು
2-8-2025, ಶನಿವಾರ

ತಮ್ಮ ತಿಮ್ಮೇಶನಿಗೆ,

ನಿನ್ನ ಕಾಗದ ಒಲೆಗೆ ಹಾಕಿದೆ. ಹಾಕಿದ ಮೇಲೆ ಪೂರ್ತಿ ಉರಿಯಿತೋ ಇಲ್ಲವೋ ಎಂದು ಕಡ್ಡಿಯಿಂದ ಕೆದಕಿ ನೋಡಿದೆ. ಜೊತೆಯಲ್ಲಿ ಅಡುಗೆ ಮಾಡುವವಳು, "ಏನು ನಾಗರತ್ನಕ್ಕ, ಒಲೆಯಾಗೆ ಬಂಗಾರ ಹುಡುಕ್ತಿದೀಯಾ?" ಎಂದಳು.

ಹೌದು, ಹೇಳಿದವಳು ನಾನೇ. ಇಲ್ಲ ಎನ್ನುವುದಿಲ್ಲ. ನಿನಗೆ ಒಳಗಿನದು ಗೊತ್ತಿಲ್ಲ, ಅದಕ್ಕೇ ಬರೆಯುತ್ತೇನೆ. ಅವ್ವನನ್ನು ಆಗಲೇ ಆ ಕಡೆ ಕೋಣೆಗೆ ಸಾಗಿಸಿದ್ದರು. ಮಾವನಿಗೆ ಬಾಯಿಗೂ ಮೂಗಿಗೂ ಪೈಪು. ಡಾಕ್ಟರು ಬಂದು, "ತಲೆಯೊಳಗೆ ರಕ್ತ ಇಳಿದೈತೆ, ನಮ್ಮ ಕೈಯಲ್ಲೇನೂ ಇಲ್ಲ, ಬೆಳಗಿನ ತನಕ ಇದ್ರೆ ಹೆಚ್ಚು" ಎಂದು ಹೋದರು. ಅಷ್ಟರಲ್ಲಿ ಬೋರಣ್ಣ ಚಿಕ್ಕಪ್ಪ ಜಗಳೂರಿನಿಂದ ಬಂದಿದ್ದ. ಪೊಲೀಸರು ಬಾಗಿಲಲ್ಲಿ ನಿಂತಿದ್ದರು. ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಬಂದು, "ಹೋಗೋನ ಮೇಲೆ ಹಾಕಮ್ಮ. ಇರೋನು ಉಳೀತಾನೆ. ಸತ್ತೋನನ್ನ ಯಾವ ಜೈಲಿಗೆ ಹಾಕ್ತಾರೆ? ಹುಡುಗನ ಕೆಲಸದ ಆರ್ಡರು ಬರೋ ಹೊತ್ತು" ಎಂದ. ನಾನು ಹೂಂ ಎಂದೆ. ಪೊಲೀಸರು ಕೇಳಿದರು, ಹೇಳಿದೆ. ಅವರು ಬರೆದುಕೊಂಡು, ಹೆಬ್ಬೆಟ್ಟಾ ಸೈನಾ ಎಂದರು. ಸೈನ್ ಎಂದೆ. ಅವರು ಹೋದಮೇಲೆ ನನಗೆ ಅಳು ಬಂತು.

ಬೆಳಗಾಯಿತು. ಮಾವ ಇದ್ದರು. ಮಾರನೇ ದಿನವೂ ಇದ್ದರು. ಹದಿಮೂರನೇ ದಿನ ಕಣ್ಣು ಬಿಟ್ಟರು.

ಆಮೇಲಿನದು ನೀನು ನೋಡಿಲ್ಲ, ಟ್ರೈನಿಂಗಿಗೆ ಹೋಗಿದ್ದೆ. ಅವರಿಗೆ ಆ ದಿನ ನೆನಪೇ ಇಲ್ಲ. ನಲ್ಲೂರಿನಲ್ಲಿ ಉಪ್ಪಿಟ್ಟು ತಿಂದದ್ದು, ಹುಡುಗಿಯ ಅಪ್ಪ ಎಲೆಅಡಿಕೆ ತಟ್ಟೆ ತಂದದ್ದು ಅಷ್ಟೇ. ಅಲ್ಲಿಂದ ಸೀದಾ ಆಸ್ಪತ್ರೆಯ ಸೂರು. "ಅಕ್ಕ ಎಲ್ಲಿ?" ಎಂದರು. ಹೇಳಿದೆವು. "ಕಾರು ಯಾರು ಓಡಿಸ್ತಿದ್ರು?" ಎಂದರು. ಪಕ್ಕದಲ್ಲಿ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದು ಕೂತಿದ್ದರು. ನಾನು ಏನು ಮಾಡಲಿ? "ನೀನೇ ಮಾವ" ಎಂದೆ.

ಅಂದಿನಿಂದ ಈ ಮನುಷ್ಯ ಅದನ್ನೇ ಹಿಡಿದುಕೊಂಡು ಕೂತಿದ್ದಾರೆ. ಅವ್ವ ಅವರಿಗೆ ಬರೀ ಅಕ್ಕ ಅಲ್ಲ, ನಿನಗೆ ಗೊತ್ತು. ನಮ್ಮಜ್ಜಿ ಹೆತ್ತಳು ಅಷ್ಟೇ, ಎತ್ತಿ ಆಡಿಸಿ ಉಣಿಸಿ ಬೆಳೆಸಿದವಳು ಅವ್ವ. ಕಾಲಿಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯ ಹುಡುಗಿ ವಾರಕ್ಕೊಂದು ದಿನ ಬರುತ್ತಾಳೆ. ಗೋಡೆ ಕಡೆ ತಿರುಗಿ ಮಲಗುತ್ತಾರೆ. "ಅಣ್ಣ, ಕಾಲು ಎತ್ತದಿದ್ರೆ ನಡೆಯಾಕೆ ಆಗಲ್ಲ" ಎಂದರೆ, "ನಡೆದು ಎಲ್ಲಿಗೆ ಹೋಗಾನವ್ವ? ಹೋದ ಕಡೆ ಜನ ಏನಂತ ತೋರಿಸ್ತಾರೆ?" ಎನ್ನುತ್ತಾರೆ. ಹತ್ತು ವರ್ಷದ ಗಂಗೋತ್ರಿ ಅಪ್ಪನ ಪಾದ ಹಿಡಿದು ಎತ್ತಲಿಕ್ಕೆ ನೋಡುತ್ತದೆ.

ನನ್ನನ್ನು ದಿನವೂ ಒಂದೇ ಕೇಳುತ್ತಾರೆ. "ಕೊನೇಗೆ ಅಕ್ಕ ಏನಾರ ಅಂದ್ಲಾ? ನನ್ನ ಬೈದ್ಲಾ?" ಅವಳು ಏನೂ ಅನ್ನಲಿಲ್ಲ ಎನ್ನುತ್ತೇನೆ.

ದುಡ್ಡು ಬೇಡ ತಿಮ್ಮಾ. ವಕೀಲರೂ ಬೇಡ ಎಂದರೆ ಬೇಡ. ಕೇಸಿನ ಮಾತು ಬಿಡು. ನೀನು ಒಂದು ಸಾರಿ ಬಂದು ಇವರೊಬ್ಬರಿಗೆ ಮಾತ್ರ ಹೇಳು. ಇವರು ಯಾರಿಗೂ ಹೇಳುವವರಲ್ಲ. ನಾನು ಹೇಳಬಹುದಲ್ಲ ಎನ್ನಬೇಡ. ನಿನ್ನನ್ನು ಕೇಳದೆ ನಿನ್ನ ಮೇಲೆ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಹತ್ತು ಸಾರಿ ಮಂಚದ ಹತ್ತಿರ ಹೋಗಿ ನೀರು ಕೊಟ್ಟು ಬಂದಿದ್ದೇನೆ.

ನಿದ್ದೆಗೆಟ್ಟ ನಿನ್ನ ಅಕ್ಕ,
ನಾಗರತ್ನ


ಜಗಳೂರು
23-9-2025, ಮಂಗಳವಾರ

ತಿಮ್ಮಾ,

ಏಳು ವಾರ ಆಯಿತು. ದುಡ್ಡು ಬಂದಿದೆ, ಕಾಗದ ಬಂದಿಲ್ಲ. ವಿಳಾಸ ತಪ್ಪಿತೋ, ಯಾರಾದರೂ ತೆಗೆದು ಓದಿದರೋ, ನಿನಗೇ ಏನಾದರೂ ಆಯಿತೋ ಎಂದು ಪೋಸ್ಟ್‌ಮನ್ ಆಂಜನೇಯನನ್ನು ಎಷ್ಟು ಸಾರಿ ಕೇಳಿದೆನೆಂದರೆ, ಅವನು ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಎಂದು. ಶಾಲೆಗೆ ದಸರಾ ರಜೆ. ಲಕ್ಷ್ಮಕ್ಕನ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಅವ್ವನ ತಂಗಿಯಾದರೂ ನಾವು ಇವಳನ್ನು ಚಿಕ್ಕವ್ವ ಎನ್ನದೆ, ಮಾವನ ಹಾಗೆ ಲಕ್ಷ್ಮಕ್ಕ ಎಂದೇ ಕರೆದುಕೊಂಡು ಬೆಳೆದೆವು, ಈಗಲೂ ಹಾಗೇ. ಅವಳಿಗೆ ಓದು ಬರುವುದಿಲ್ಲ. ಅದು ಒಳ್ಳೆಯದಾಯಿತು.

ಮೊದಲು ಕೆಟ್ಟ ಸುದ್ದಿ. ಮಾವನ ಹೆಸರಿಗೆ ಕೋರ್ಟಿನಿಂದ ಸಮನ್ಸ್ ಬಂತು. ಅಜಾಗರೂಕತೆಯಿಂದ ಗಾಡಿ ಓಡಿಸಿ ಗಾದ್ರಮ್ಮನ, ಅಂದರೆ ನಮ್ಮವ್ವನ, ಸಾವಿಗೆ ಕಾರಣ ಎಂದು. ಅಕ್ಟೋಬರ್ ಹದಿನೈದಕ್ಕೆ ಚನ್ನಗಿರಿಯಲ್ಲಿ ಹಾಜರಾಗಬೇಕು. ಅದನ್ನು ಗಂಗೋತ್ರಿಯ ಕೈಯಲ್ಲಿ ಎರಡು ಸಾರಿ ಓದಿಸಿಕೊಂಡರು. ಆಮೇಲೆ ನನಗೆ, "ಒಳ್ಳೇದಾತು ಬಿಡು ರತ್ನಿ. ಜಡ್ಜಿನ ಮುಂದೆ ಹೂಂ ನಾನೇ ಕೊಂದೆ ಅಂತೀನಿ. ಶಿಕ್ಷೆ ಕೊಟ್ರೆ ಒಂದು ಭಾರ ಇಳೀತದೆ" ಎಂದರು. ಐದು ತಿಂಗಳಲ್ಲಿ ಆ ಮುಖದಲ್ಲಿ ಗೆಲುವು ಕಂಡದ್ದು ಅದೇ ಮೊದಲು. ನಾನು ಸಮನ್ಸನ್ನು ಮಗಳ ಕೈಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ.

ನಿನ್ನನ್ನು ಕೇಳದೆ ವಕೀಲರ ಹತ್ತಿರ ಹೋದೆ. ಬೈಯುವುದಿದ್ದರೆ ಬೈ. ಬಲಗಡೆ ಯಾರು ಎಂದು ಅವರು ಈ ಸಾರಿ ಕೇಳಲೇ ಇಲ್ಲ. ಸಮನ್ಸ್ ನೋಡಿ, "ಒಂದು ಸಾರಿ ಒಪ್ಪಿಕೊಂಡ್ರೆ ಮುಗೀತಮ್ಮ. ಆಮೇಲೆ ನೀನು ಬಂದು ತಲೆ ಚಚ್ಚಿಕೊಂಡ್ರೂ ಆ ಹೆಸರು ಅಳಿಸಾಕೆ ಕಷ್ಟ. ಹದಿನೈದರ ಒಳಗೆ ನಿಜ ಹೇಳೋರು ಇದ್ರೆ ಕರ್ಕಂಡು ಬಾ" ಎಂದರು.

ಭಾನುವಾರ ಮಹಾಲಯ ಅಮಾವಾಸ್ಯೆ. ನೀನು ಬರುತ್ತೀಯ ಎಂದುಕೊಂಡಿದ್ದೆ. ಡ್ಯೂಟಿ ಎಂದು ಗಂಗೋತ್ರಿಗೆ ಫೋನಿನಲ್ಲಿ ಹೇಳಿದೆಯಂತೆ. ಅವ್ವ ಹಿರಿಯರ ಜೊತೆ ಸೇರಿದ ಮೊದಲ ವರ್ಷ. ಮುದ್ದೆ, ಕೋಳಿಸಾರು, ಎಲೆಅಡಿಕೆ, ಅವಳ ಹೊಗೆಸೊಪ್ಪು, ಒಂದು ಹೊಸ ಸೀರೆ ಎಲ್ಲ ಇಟ್ಟೆ. ಮಗ ಇಲ್ಲ, ತಮ್ಮನಾದರೂ ಎಡೆ ಇಡಬೇಕಲ್ಲ. ಮಂಚವನ್ನೇ ಫೋಟೋದ ಹತ್ತಿರ ಎಳೆದೆವು. ತಟ್ಟೆ ಕೈಗೆ ಕೊಟ್ಟೆ, ತೆಗೆದುಕೊಳ್ಳಲಿಲ್ಲ.

"ಅಪ್ಪಾ, ಹಿಡಕ. ಅಜ್ಜಿ ಕಾಯ್ತಾಳೆ" ಎಂದಳು ಗಂಗೋತ್ರಿ.

"ಕೊಂದ ಕೈಯಾಗೆ ಇಟ್ರೆ ಹಿರೇರು ಮುಟ್ತಾರೇನಮ್ಮ?"

ಆ ಮಗು ನನ್ನ ಮುಖ ನೋಡಿತು. ನಾನು ಸಾರಿನ ಪಾತ್ರೆಯ ಮುಚ್ಚಳ ಸರಿಮಾಡಿದೆ. ಎಡೆ ಇಡದೆ ಯಾರೂ ಉಣ್ಣುವ ಹಾಗಿಲ್ಲ. ಮೂರು ಗಂಟೆಯಾಯಿತು. ಮುದ್ದೆಯ ಮೇಲೆ ಚರ್ಮ ಕಟ್ಟಿತು. ಕೊನೆಗೆ ಲಕ್ಷ್ಮಕ್ಕ ಬಂದು, "ಏ ಓಬಳೇಶಾ, ಸತ್ತೋಳನ್ನೂ ಉಪವಾಸ ಕೆಡವ್ತೀಯೇನೋ?" ಎಂದು ಬೈದು ತಾನೇ ಇಟ್ಟಳು. ಮಾವ ಆ ದಿನ ಉಣ್ಣಲಿಲ್ಲ.

ತಿಮ್ಮಾ, ನಿನ್ನ ಬೆನ್ನ ಹಿಂದೆ ನಾನು ಏನೂ ಮಾಡುವುದಿಲ್ಲ. ಆದರೆ ಹದಿನೈದರಂದು ಈ ಮನುಷ್ಯನ ತೋಳು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿಸಿ, ನಾನೇ ಕೊಂದೆ ಎನ್ನಿಸುವ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ. ಬೋರಣ್ಣ ಚಿಕ್ಕಪ್ಪನನ್ನು ಕೇಳಿದೆ. "ಬದುಕ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ?" ಎಂದ. ಅವನು ಹೇಳುವುದೂ ಸರಿಯೇ. ನನಗೆ ಎಲ್ಲರದೂ ಸರಿ ಎನ್ನಿಸುತ್ತದೆ.

ಬಾ.

ಅಕ್ಕ


ಹೊನ್ನಾಳಿ
4-10-2025

ಅಕ್ಕ,

ನಿನ್ನ ಆಗಸ್ಟಿನ ಕಾಗದ ಬಂದಿತ್ತು. ಓದಿ ದಿಂಬಿನ ಕೆಳಗೆ ಇಟ್ಟಿದ್ದೆ. ಬರೆಯಲಿಕ್ಕೆ ಕೂತರೆ ಎರಡು ಸಾಲಿನ ಮೇಲೆ ಹೋಗುತ್ತಿರಲಿಲ್ಲ.

ಅಮಾವಾಸ್ಯೆ ದಿನ ನಾನು ಡ್ಯೂಟಿ ಕೇಳಿ ಹಾಕಿಸಿಕೊಂಡೆ. ಸುಳ್ಳು ಹೇಳಿದ್ದಲ್ಲ, ಡ್ಯೂಟಿ ಇದ್ದದ್ದು ನಿಜ. ಸಾಸ್ವೆಹಳ್ಳಿಯಲ್ಲಿ ಒಬ್ಬಳು ಮುದುಕಿ ಹತ್ತಿದಳು. ಮಗಳ ಮನೆಗೆ ಎಡೆಯ ಹೋಳಿಗೆ ಒಯ್ಯುತ್ತಿದ್ದಳು. ಇಳಿಯುವಾಗ ನನ್ನ ಬಾನೆಟ್ ಮೇಲೆ ಒಂದು ಹೋಳಿಗೆ ಇಟ್ಟು, "ಹಬ್ಬದ ದಿನ ದುಡೀತೀಯಲ್ಲಪ್ಪ, ತಾಯಿ ಇದಾಳೇನು ಊರಾಗೆ?" ಎಂದಳು. "ಇದಾಳೆ" ಎಂದೆ. ಬಾಯಿಗೆ ಹಾಗೇ ಬಂತು. "ಹಂಗಾದ್ರೆ ಬೇಗ ಹೋಗು, ಕಾಯ್ತಾಳೆ" ಎಂದಳು. ಐದಾರು ದಿನ ಬಿಟ್ಟು ನಿನ್ನ ಕಾಗದ ಬಂತು, ಅದರಲ್ಲಿ ಗಂಗೋತ್ರಿಯ ಮಾತೂ ಅದೇ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನೀನು ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ನಲ್ಲೂರಿನಿಂದ ಹೊರಟ ಮೇಲೆ ಆ ಹುಡುಗಿ ಮೆಸೇಜ್ ಕಳಿಸಿದ್ದಳು. ಎಲ್ಲಿದ್ದೀರಿ, ಮುಟ್ಟಿದಿರಾ ಎಂದು. ನಾನು ಒಂದು ಕೈಯಲ್ಲಿ ಉತ್ತರ ಒತ್ತುತ್ತಿದ್ದೆ. ಹಿಂದಿನಿಂದ ಅವ್ವ, "ಫೋನ್ ಇಡಪ್ಪಾ, ಮುಂದೆ ನೋಡು" ಎಂದಳು. ಇನ್ನೊಂದೇ ಅಕ್ಷರ ಎಂದುಕೊಂಡೆ. ತಲೆ ಎತ್ತಿದಾಗ ಕನ್ನಡಿಯಲ್ಲಿ ನಿನ್ನ ಮುಖ ಕಂಡಿತು, ಆಮೇಲೆ ಸೇತುವೆ ಕಂಡಿತು. ನಾನು ಸ್ಟೇರಿಂಗನ್ನು ಬಲಕ್ಕೆ ಎಳೆದೆ. ನನ್ನ ಕಡೆಯನ್ನು ತಪ್ಪಿಸಿದೆ. ಎಡಗಡೆಯ ಎರಡೂ ಸೀಟು ಕಟ್ಟೆಗೆ ಹೋದವು. ಬೇಕೆಂದು ಮಾಡಿದ್ದಲ್ಲ ಅಕ್ಕ. ಕೈ ತಾನೇ ಮಾಡಿತು. ಆದರೂ ಮಾಡಿದ್ದು ನನ್ನ ಕೈ.

ಆ ಹುಡುಗಿಯ ಮೆಸೇಜಿಗೆ ನಾನು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಅವರು ಬೇರೆ ಕಡೆ ಕೊಟ್ಟರಂತೆ.

ಮೊನ್ನೆ ವಾರದ ರಜೆಯಲ್ಲಿ ಚನ್ನಗಿರಿಗೆ ಹೋಗಿ ಶಿವಮೂರ್ತಪ್ಪನವರ ಆಫೀಸಿನಲ್ಲಿ ಕೂತೆ. ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ನೀನು ನನ್ನ ಕಕ್ಷಿದಾರ ಅಲ್ಲಪ್ಪ. ಇವತ್ತಿಂದ ನೀನು ನಮ್ಮ ಎದುರುದಾರ. ನಿನಗೆ ಬೇರೆ ವಕೀಲರನ್ನ ಹಿಡಕ, ನಾನು ನಿನಗೆ ಬುದ್ಧಿ ಹೇಳಂಗಿಲ್ಲ" ಎಂದರು. ಎದ್ದೆ. "ಕೂರು, ಎದುರುದಾರ ಚಾ ಕುಡೀಬಾರದು ಅಂತ ಕಾನೂನಿಲ್ಲ" ಎಂದು ಚಾ ತರಿಸಿದರು. ಕೋರ್ಟಿನ ಮುಂದೆ ಕೂರುವ ಇನ್ನೊಬ್ಬ ವಕೀಲರನ್ನು ಹಿಡಿದಿದ್ದೇನೆ. ಹದಿನೈದಕ್ಕೆ ನಾನೇ ಬಂದು ನಿಜ ಬರೆದುಕೊಡುತ್ತೇನೆ. ಕೆಲಸ ಹೋಗುತ್ತದೆ, ಕೇಸು ಬೀಳುತ್ತದೆ. ಗೊತ್ತು.

ಹನ್ನೆರಡು, ಭಾನುವಾರ, ಮನೆಗೆ ಬರುತ್ತೇನೆ. ಮಾವನಿಗೆ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ. ಕೋಳಿ ಗೀಳಿ ಮಾಡಬೇಡ.

ನಿನ್ನ
ತಿಮ್ಮ


ಜಗಳೂರು
12-11-2025, ಬುಧವಾರ

ತಮ್ಮ ತಿಮ್ಮನಿಗೆ,

ನಿನ್ನನ್ನು ಡ್ಯೂಟಿಯಿಂದ ನಿಲ್ಲಿಸಿದ ಆರ್ಡರು ಕೈಗೆ ಬಂತೆಂದು ಫೋನಿನಲ್ಲಿ ಹೇಳಿದೆ. ನಾನು ಹೂಂ ಎಂದೆ ಅಷ್ಟೇ. ರೂಮಿನ ಬಾಡಿಗೆ ಹೇಗೆ, ಊಟ ಹೇಗೆ, ಇಲ್ಲಿಗೆ ಬರುತ್ತೀಯಾ ಎಂದು ಏನೂ ಕೇಳಲಿಲ್ಲ. ಕೇಳಬೇಕು ಎಂದು ಇತ್ತು. "ಮಾವ ಹೆಂಗವ್ನೆ?" ಎಂದು ನೀನು ಕೇಳಿದಾಗ "ಚೆನ್ನಾಗವ್ರೆ" ಎಂದೆ. ಅದು ಸುಳ್ಳಲ್ಲ. ಆದರೆ ಫೋನಿನಲ್ಲಿ ಹೇಳಲಿಕ್ಕಾಗದ ಉಳಿದದ್ದನ್ನು ಬರೆಯುತ್ತೇನೆ.

ಆ ಭಾನುವಾರ ನೀನು ಅವರ ಕಾಲು ಹಿಡಿದುಕೊಂಡು ಹೇಳಿದೆಯಲ್ಲ. ಅವರು ನಿನ್ನ ತಲೆಯ ಮೇಲೆ ಕೈಯಿಟ್ಟು, "ಅಕ್ಕನ ಮಗ ನೀನು. ನಿನ್ನ ಏನನ್ನಾನ? ಅವಳೇ ಬೈದವ್ಳಲ್ಲ, ಮುಂದೆ ನೋಡು ಅಂತ" ಎಂದರಲ್ಲ. ನೀನು ಅಷ್ಟು ದೊಡ್ಡ ಗಂಡಸು ಅತ್ತದ್ದನ್ನು ಗಂಗೋತ್ರಿ ಬಾಗಿಲ ಹಿಂದಿನಿಂದ ನೋಡಿತು. ಹೋಗುವಾಗ ನೀನು ಹಗುರಾಗಿ ಹೋದೆ. ನಾನೂ ಎಲ್ಲ ಮುಗಿಯಿತು ಎಂದುಕೊಂಡೆ.

ನಿನ್ನನ್ನು ಬಸ್ಸು ಹತ್ತಿಸಿ ಬಂದು ಅನ್ನ ಬಡಿಸಿದೆ. ತಟ್ಟೆ ಮುಂದಿಟ್ಟೆ. ಅವರು ತಟ್ಟೆಯನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ, "ಗಂಗೋತ್ರಿ, ನೀನು ಬಡಿಸವ್ವ" ಎಂದರು. ಅವತ್ತಿನಿಂದ ಹಾಗೇ. ಸಿಟ್ಟಿಲ್ಲ, ಬೈಗುಳವಿಲ್ಲ. ನೀರು ಬೇಕಾದರೆ ಮಗಳನ್ನು ಕರೆಯುತ್ತಾರೆ. ಅವಳು ಶಾಲೆಗೆ ಹೋದಾಗ ಬಾಯಾರಿದರೂ ತಡೆದುಕೊಂಡು ಇರುತ್ತಾರೆ. ನಾನು ಲೋಟ ಮಂಚದ ಹತ್ತಿರ ಇಟ್ಟು ಕೆಲಸಕ್ಕೆ ಹೋಗುತ್ತೇನೆ. ಬಂದಾಗ ಹಾಗೇ ಇರುತ್ತದೆ.

ಹದಿನೈದರಂದು ಕೋರ್ಟಿನಲ್ಲಿ ನೀನು ಬರೆದುಕೊಟ್ಟ ಮೇಲೆ, ಪೊಲೀಸರು ಮತ್ತೆ ತನಿಖೆ ಮಾಡಬೇಕು ಎಂದು ಆಯಿತಲ್ಲ. ಅದಾದ ವಾರಕ್ಕೆ ಶಿವಮೂರ್ತಪ್ಪನವರು ಪರಿಹಾರದ ಅರ್ಜಿಗೆ ಸೈನ್ ಹಾಕಿಸಿಕೊಂಡರು. ಅದರಲ್ಲಿ ಮೊದಲನೇ ಎದುರುದಾರ ತಿಮ್ಮೇಶ್ ಎಂದು ಇತ್ತು. ಮಾವ ಕೇಳಿದರು, "ಇದರಿಂದ ಹುಡುಗನಿಗೆ ತೊಂದ್ರೆ ಆಗ್ತದಾ ಸ್ವಾಮಿ?" ವಕೀಲರು, "ಕಟ್ಟೋದು ವಿಮೆ ಕಂಪನಿ. ಹೆಸರು ಮಾತ್ರ ಹುಡುಗಂದು" ಎಂದಮೇಲೆ ಸೈನ್ ಹಾಕಿದರು. ಈಗ ವ್ಯಾಯಾಮ ಮಾಡುತ್ತಾರೆ. ಆ ಹುಡುಗಿ ಬಂದರೆ ಗೋಡೆ ಕಡೆ ತಿರುಗುವುದಿಲ್ಲ. ಮೊನ್ನೆ ವಾಕರ್ ಹಿಡಿದು ಅವ್ವನ ಫೋಟೋದ ತನಕ ನಡೆದು ಹೋಗಿ, ಹೂವು ತಾವೇ ಇಟ್ಟರು. ನಾನು ಅಡುಗೆಮನೆಯ ಮೂಲೆಯಿಂದ ನೋಡಿದೆ. ಸಾಕು ಎನ್ನಿಸಬೇಕಿತ್ತು.

ಸೋಮವಾರ ವಕೀಲರು ನನ್ನನ್ನು ಕರೆಸಿದ್ದರು. ಮಾವನೂ ಬರುತ್ತೇನೆ ಎಂದರು. ಪಾಲಣ್ಣ ಆಟೋ ಗೊತ್ತುಮಾಡಿ ಬಸ್‌ಸ್ಟ್ಯಾಂಡಿನ ತನಕ ಬಿಟ್ಟ. ಕಾರು ಎನ್ನಲಿಕ್ಕೆ ಅವನಿಗೂ ಬಾಯಿ ಬರಲಿಲ್ಲ. ಮೆಟ್ಟಿಲು ಹತ್ತಲಿಕ್ಕಾಗದೆ ಮಾವ ಕೆಳಗೆ ಮಂಡಿಯಲ್ಲೇ ಕೂತರು, ವಕೀಲರೇ ಇಳಿದು ಬಂದು ಅಡಿಕೆ ಚೀಲದ ಮೇಲೆ ಕೂತು ಮಾತಾಡಿದರು.

"ಕಣ್ಣಾರೆ ಕಂಡೋಳು ನೀನೊಬ್ಬಳೇ ಅಮ್ಮ. ಕೇಸು ನಿಂತಿರಾದು ನಿನ್ನ ಬಾಯಿ ಮೇಲೆ. ಕಂಪನಿ ವಕೀಲ ಒಂದೇ ಪ್ರಶ್ನೆ ಕೇಳ್ತಾನೆ. ಆಸ್ಪತ್ರೇಲಿ ಒಂದು ಹೇಳಿದ್ದೆ, ಇಲ್ಲಿ ಒಂದು ಹೇಳ್ತಿದೀಯ, ಅವತ್ತು ಸುಳ್ಳಾ ಇವತ್ತು ಸುಳ್ಳಾ ಅಂತ. ಗಾಬರಿ ಆಗಬೇಡ. ಅವತ್ತು ಯಾಕೆ ಹಂಗೆ ಹೇಳಿದೆ ಅನ್ನಾದನ್ನ, ಹೆಂಗೆ ನಡೀತೋ ಹಂಗೆ, ಒಂದಾದಮೇಲೊಂದು ಹೇಳು."

ನಾನು ಹೇಳಿದೆ. ಡಾಕ್ಟರು ಅಂದದ್ದು, ಚಿಕ್ಕಪ್ಪ ಅಂದದ್ದು, ಪೊಲೀಸರು ಕೇಳಿದ್ದು. ಮಾವ ಅಡಿಕೆ ಚೀಲಗಳ ಕಡೆ ನೋಡುತ್ತಾ ಕೂತಿದ್ದರು. ಇವರು ಇದನ್ನೆಲ್ಲ ಕೇಳಿದ್ದು ಅದೇ ಮೊದಲು. ನೀನು ಹೇಳಿದ್ದು ನಿನ್ನ ಭಾಗ ಮಾತ್ರ.

ಮನೆಗೆ ಬಂದು ಮಂಚದ ಮೇಲೆ ಕೂರಿಸಿದೆ. ಗಂಗೋತ್ರಿ ಇನ್ನೂ ಬಂದಿರಲಿಲ್ಲ. ಒಂದು ತಿಂಗಳ ಮೇಲೆ ಮೊದಲ ಸಾರಿ ನನ್ನನ್ನು ಹೆಸರು ಹಿಡಿದು ಕರೆದರು.

"ರತ್ನೀ, ಒಂದು ಕೇಳ್ತೀನಿ. ನಾನು ಉಳಿಯಲ್ಲ ಅಂತ ಡಾಕ್ಟ್ರು ಹೇಳಿದ್ರಲ್ಲ. ಆಮೇಲೆ ನೀನು ಮೊದಲು ಅತ್ತೆಯಾ, ಮೊದಲು ಸುಳ್ಳು ಹೇಳಿದ್ಯಾ?"

ಕೋರ್ಟಿನವರು ಕೇಳುವುದು ಬೇರೆ ಪ್ರಶ್ನೆ ತಿಮ್ಮಾ. ಅದಕ್ಕೆ ನಾನು ತಯಾರಾಗಿದ್ದೆ.

"ನೆನಪಿಲ್ಲ ಮಾವ" ಎಂದೆ.

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಆ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

"ನೆನಪಿಲ್ಲದೆ ಇರಾದು ಹೆಂಗಿರ್ತದೆ ಅಂತ ನನಗೆ ಗೊತ್ತೈತೆ" ಎಂದರು. "ಅದು ಹಿಂಗಿರಲ್ಲ."

ನಿನ್ನ ಅಕ್ಕ,
ನಾಗರತ್ನ